ಅದು ಹಸುವಿನ ಮರಿ ಅಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಯುರೋಪಿನ ಭಾಷೆಗಳ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಹಂಗೇರಿ, ರೊಮೇನಿಯಾ ಅಕ್ಕಪಕ್ಕದ ದೇಶಗಳು, ಹಾಗಾಗಿ ಮಾತೂ ಹೆಚ್ಚುಕಮ್ಮಿ ಒಂದೇ ಅಂತ ಅದರಲ್ಲಿತ್ತು. ಹಂಗೇರಿಯನ್ನರ ದನಕರುಗಳ ಹೆಸರೆಲ್ಲ ಟರ್ಕಿಯ ಸುಲ್ತಾನರು ಆಳಿದಾಗ ಬಂದವು ಅಂತಲೂ ಇತ್ತು. ಎರಡೂ ತಪ್ಪು. ಹೋಗಲಿ ಬಿಡು ಅಂದುಕೊಂಡು ಸುಮ್ಮನಿದ್ದೆ. ಆದರೆ ಮೊನ್ನೆ ಮಂಗಳವಾರ ಐದನೇ ಪುಟದ ಫೋಟೊ ಕೆಳಗೆ ‘ಕೊಟ್ಟಿಗೆಯಲ್ಲಿ ಹಸುವಿನ ಮರಿ’ ಅಂತ ಅಚ್ಚಾಗಿತ್ತು ನೋಡಿ, ಆಗ ತಡೆಯೋಕಾಗಲಿಲ್ಲ. ಹಸುವಿಗೆ ಮರಿ ಹುಟ್ಟೋದು ಯಾವ ಕಾಲದಿಂದ ಶುರುವಾಯಿತು?

ನಾನು ನಿವೃತ್ತ ಕನ್ನಡ ಮೇಷ್ಟ್ರಮ್ಮ. ಹುಟ್ಟಿದ್ದು ಅರಸೀಕೆರೆ ಕಡೆಯ ದನ ಕಟ್ಟಿದ ಮನೆಯಲ್ಲಿ. ಮಗಳು, ಅಳಿಯ ರೊಮೇನಿಯಾದ ಕ್ಲುಜ್ ಊರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಮೊಮ್ಮಗನನ್ನು ನೋಡಿಕೊಳ್ಳೋಕೆ ಅಂತ ಮೂರು ತಿಂಗಳು ಅಲ್ಲಿದ್ದೆ. ಆ ಊರಿಗೆ ಹಂಗೇರಿಯನ್ನರು ಕೊಲೊಜ್‌ವಾರ್ ಅಂತಾರೆ. ಆ ಸೀಮೆಯೆಲ್ಲ ಮೊದಲು ಹಂಗೇರಿಗೆ ಸೇರಿತ್ತು, ಮೊದಲ ಮಹಾಯುದ್ಧ ಮುಗಿದ ಮೇಲೆ 1920ರ ಒಪ್ಪಂದದಲ್ಲಿ ರೊಮೇನಿಯಾದ ಪಾಲಾಯಿತು. ಈಗಲೂ ರೊಮೇನಿಯಾದಲ್ಲಿ ಸುಮಾರು 10 ಲಕ್ಷ ಹಂಗೇರಿಯನ್ನರಿದ್ದಾರೆ. ಮಗಳ ಕೆಳಮನೆಯ ಅಜ್ಜಿ ಅವರಲ್ಲೊಬ್ಬರು. ಅಂಗಡಿಯಲ್ಲಿ ರೊಮೇನಿಯನ್, ಅಡುಗೆಮನೆಯಲ್ಲಿ ಹಂಗೇರಿಯನ್. ನಮ್ಮ ಗಡಿ ಊರುಗಳಲ್ಲಿ ಇಲ್ಲವಾ, ಹಾಗೇ.

ಈಸ್ಟರ್ ಹಬ್ಬಕ್ಕೆ ಮುಂಚೆ ಆ ಅಜ್ಜಿ ನಮ್ಮನ್ನು ಊರಾಚೆಯ ದನದ ಸಂತೆಗೆ ಕರೆದುಕೊಂಡು ಹೋದರು. ಹುಲ್ಲು ಹಾಸಿದ ಮರದ ಪೆಟ್ಟಿಗೆಯಲ್ಲಿ ಒಂದು ಕುರಿಮರಿ. ಇನ್ನೂ ಹೊಕ್ಕುಳು ಒಣಗಿರಲಿಲ್ಲ. ಮಾರುವವ ಅದರ ಬೆನ್ನು ಸವರುತ್ತಾ ‘ಮಿಯೆಲ್’ ಅಂದ. ಅಜ್ಜಿ ನನ್ನ ಕಡೆ ತಿರುಗಿ ‘ಬಾರಾಞ್’ ಅಂದರು. ಒಂದೇ ಮರಿ, ಎರಡು ಮೊಳ ದೂರದಲ್ಲಿ ನಿಂತವರ ಬಾಯಲ್ಲಿ ಎರಡು ಹೆಸರು, ಒಂದಕ್ಕೊಂದು ಸಂಬಂಧವೇ ಇಲ್ಲ. ನಿಮ್ಮ ಲೇಖನ ಬರೆದವರು ಆ ಸಂತೆಯಲ್ಲಿ ಐದು ನಿಮಿಷ ನಿಂತಿದ್ದರೂ ಸಾಕಿತ್ತು. ಅವತ್ತಿಂದ ನನಗೆ ಇದೇ ಹುಚ್ಚು. ಸಿಕ್ಕ ನಿಘಂಟುಗಳನ್ನೆಲ್ಲ ಮಗಳ ಕೈಲಿ ಓದಿಸಿಕೊಂಡೆ.

ಮೊದಲು ರೊಮೇನಿಯನ್. ಅದು ಲ್ಯಾಟಿನ್‌ನ ಮಗಳು. ರೋಮಿನ ಟ್ರಾಜನ್ ಚಕ್ರವರ್ತಿ 106ರಲ್ಲಿ ಡೇಸಿಯಾ, ಅಂದರೆ ಈಗಿನ ರೊಮೇನಿಯಾದ ಕಡೆಯ ಸೀಮೆ ಗೆದ್ದ, ಮುಂದೆ ಸುಮಾರು 165 ವರ್ಷಕ್ಕೆ ರೋಮನ್ನರು ಆ ನಾಡು ಬಿಟ್ಟು ಹೊರಟರು. ಅಧಿಕಾರ ಹೋಯಿತು, ಕೊಟ್ಟಿಗೆಯ ಮಾತು ಉಳಿಯಿತು. ಕುರಿಮರಿಗೆ ಲ್ಯಾಟಿನ್‌ನಲ್ಲಿ ಅಗ್ನೆಲ್ಲುಸ್. ಅದು ಮಿಯೆಲ್ ಆಗಿದ್ದು ಹೇಗೆ ಅಂತ ತಲೆ ಕೆರೆದುಕೊಳ್ಳಬೇಡಿ, ದಾರಿ ಸಲೀಸಾಗಿದೆ. ಲ್ಯಾಟಿನ್‌ನಲ್ಲಿ ಗ್ನ ಇದ್ದ ಕಡೆ ರೊಮೇನಿಯನ್‌ನಲ್ಲಿ ಮ್ನ ಬರುತ್ತದೆ. ಕಟ್ಟಿಗೆ ಲಿಗ್ನುಮ್ ಇದ್ದದ್ದು ಲೆಮ್ನ್ ಆಯಿತು. ಮುಷ್ಟಿ ಪುಗ್ನುಸ್ ಇದ್ದದ್ದು ಪುಮ್ನ್ ಆಯಿತು. ನಮ್ಮ ಹಳಗನ್ನಡದ ಪಾಲು ಹಾಲಾಗಿ, ಪುಲಿ ಹುಲಿಯಾಗಿ ಬಂದ ಹಾಗೆ, ಒಂದು ಸಾಲು ಹಿಡಿದು ಎಲ್ಲ ಮಾತೂ ಒಟ್ಟಿಗೆ ನಡೆದಿವೆ. ಅಗ್ನೆಲ್ಲುಸ್‌ಗೆ ಮುಂದಿನ ಅ ಉದುರಿತು, ನಡುವೆ ಮ್ನ ಬಂತು, ಆಮೇಲೆ ನ ಕರಗಿ ಮಿಯೆಲ್ ಉಳಿಯಿತು.

ಉಳಿದವೂ ಹೀಗೇ. ಮೇಕೆಮರಿ ಯೆದ್, ಲ್ಯಾಟಿನ್‌ನ ಹೇದುಸ್‌ನಿಂದ. ಹಂದಿಮರಿ ಪುರ್ಚೆಲ್, ಪೊರ್ಕೆಲ್ಲುಸ್‌ನಿಂದ. ಎಳೆ ಹೋರಿ ಝುಂಕ್, ಯುವೆಂಕುಸ್‌ನಿಂದ. ಇದರಲ್ಲಿ ನಮ್ಮ ‘ಯುವ’ ಕಾಣಿಸುತ್ತೆ ಅಲ್ವಾ? ನಿಜವಾಗಿಯೂ ಅದೇ ಬೇರು. ತಾಯಿಯ ಹೆಸರೂ ಲ್ಯಾಟಿನ್, ಮರಿಯ ಹೆಸರೂ ಲ್ಯಾಟಿನ್.

ಕುದುರೆ ಮಾತ್ರ ಈ ಸಾಲಿನಿಂದ ಹೊರಗೆ. ಗಂಡು ಕುದುರೆ ಕಾಲ್, ಹೆಣ್ಣು ಯಾಪ, ಎರಡೂ ಲ್ಯಾಟಿನ್‌ನಿಂದ ಬಂದವು. ಕುದುರೆಮರಿ ಮಾತ್ರ ‘ಮಿಂಜ್’. ಇದು ರೋಮನ್ನರು ಬರುವ ಮುಂಚಿನ ಮಾತು. ಅಲ್ಬೇನಿಯನ್ ಭಾಷೆಯಲ್ಲೂ ಇದರ ಅಕ್ಕನೋ ತಂಗಿಯೋ ಇದ್ದಾಳೆ, ಮೆಜ್ ಅಂತ. ಇಟಲಿಯ ಹಿಮ್ಮಡಿಯಂತಿರುವ ತುದಿಯಲ್ಲಿ ಹಿಂದೆ ಒಂದು ಜನ ಮೆಂಜಾನ ಅನ್ನುವ ದೇವರಿಗೆ ಕುದುರೆಯನ್ನು ಜೀವಂತ ಬೆಂಕಿಗೆ ಹಾಕುತ್ತಿದ್ದರಂತೆ, ರೋಮನ್ ಬರಹದಲ್ಲಿ ದಾಖಲಾಗಿದೆ. ಆ ದೇವರ ಹೆಸರಲ್ಲೂ ಇದೇ ಮಾತು ಅನ್ನುತ್ತಾರೆ. ಗೆದ್ದವರು ಬಂದು ಕುದುರೆಯ ಹೆಸರು ಬದಲಾಯಿಸಿದರು, ಮರಿಯ ಹೆಸರು ಬದಲಾಗಲಿಲ್ಲ. ಯಾಕೆ ಅಂದರೆ, ನನ್ನ ಲೆಕ್ಕದಲ್ಲಿ, ಕುದುರೆಯ ಮೇಲೆ ಕೂರುವವರು ಸೈನಿಕರು, ಅಧಿಕಾರಿಗಳು. ಮರಿ ಹಾಕಿಸಿ, ಅದರ ಮೈ ಒರೆಸಿ, ನಿಲ್ಲಿಸಿ, ಮೊಲೆಗೆ ಬಾಯಿ ಹಚ್ಚುವವನು ಹಳೇ ಊರಿನವನೇ. ಅವನು ತನ್ನ ಅಜ್ಜ ಕರೆದ ಹಾಗೇ ಕರೆದ. ಇದು ನನ್ನ ಊಹೆ, ನಿಘಂಟಿನಲ್ಲಿಲ್ಲ.

ಈಗ ಹಂಗೇರಿಯನ್. ಇದು ಫಿನ್ನಿಶ್, ಎಸ್ಟೋನಿಯನ್ ಭಾಷೆಗಳ ದೂರದ ನೆಂಟ. ಲ್ಯಾಟಿನ್‌ಗೆ, ಸಂಸ್ಕೃತಕ್ಕೆ ರಕ್ತಸಂಬಂಧ ಇಲ್ಲ. ಇಲ್ಲಿ ಕೊಟ್ಟಿಗೆ ನೋಡಿದರೆ ಛತ್ರ ನೋಡಿದ ಹಾಗಿದೆ. ತಾಯಿ ಒಂದು ಊರಿನವಳು, ಮಗು ಇನ್ನೊಂದು ಊರಿನದು. ಕುದುರೆ ಅಂದರೆ ‘ಲೋ’, ಅವರ ಸ್ವಂತ ಹಳೇ ಮಾತು. ಹಂದಿ ‘ದಿಸ್‌ನೋ’, ತುರ್ಕಿಕ್ ಮೂಲದ್ದು. ತುರ್ಕಿಕ್ ಅಂದರೆ ಟರ್ಕಿ ಒಂದರ ಮಾತಲ್ಲ, ಅದೂ ಸೇರಿದ ದೊಡ್ಡ ಭಾಷಾ ಬಳಗ. ಅದರ ಮರಿ ‘ಮೊಲೊತ್ಸ್’ ಸ್ಲಾವ್ ಭಾಷೆಯಿಂದ ಬಂದದ್ದು, ಅದರ ಬೇರಿಗೆ ‘ಎಳೆಯದು’ ಅಂತ ಅರ್ಥ, ಅಷ್ಟೇ. ಅಜ್ಜಿಯ ಬಾರಾಞ್ ಕೂಡ ಸ್ಲಾವ್. ತಮಾಷೆ ಅಂದರೆ ರಷ್ಯನ್ ಮುಂತಾದ ಸ್ಲಾವ್ ಭಾಷೆಗಳಲ್ಲಿ ಬರಾನ್ ಅಂದರೆ ಮರಿ ಅಲ್ಲ, ಕೊಂಬು ತಿರುಗಿದ ಟಗರು. ಹಂಗೇರಿಯನ್ನರ ಹತ್ತಿರ ಟಗರಿಗೆ ತುರ್ಕಿಕ್ ಮೂಲದ ‘ಕೊಶ್’ ಇದೆ, ವರ್ಷದ ಕುರಿಗೆ ‘ತೊಕ್ಯೋ’ ಇದೆ, ಅದೂ ತುರ್ಕಿಕ್. ಟಗರಿನ ಜಾಗ ತುಂಬಿತ್ತು, ಸ್ಲಾವ್ ಟಗರು ಬಂದು ಮರಿಯ ಜಾಗದಲ್ಲಿ ಕೂತಿತು ಅಂತ ನನಗನಿಸುತ್ತೆ. ಅಜ್ಜಿಗೆ ಇದನ್ನು ಹೇಳಿದಾಗ ಬಿದ್ದು ಬಿದ್ದು ನಕ್ಕರು.

ಮೇಕೆಮರಿಗೆ ಹಂಗೇರಿಯನ್‌ನಲ್ಲಿ ‘ಗಿಡ’. ಹೌದು, ಗಿಡ. ಕೊನೆಯ ಅ ಕಾರವನ್ನು ಬಾಯಿ ದುಂಡು ಮಾಡಿ ಹೇಳಬೇಕು. ನಮ್ಮಲ್ಲಿ ಮೇಕೆ ತಿನ್ನೋದು ಗಿಡ, ಅವರಲ್ಲಿ ಮೇಕೆ ಹೆರೋದೇ ಗಿಡ. ಸಂಬಂಧ ಏನೂ ಇಲ್ಲ, ನಗೋಕೆ ಮಾತ್ರ. ಯಾರಾದರೂ ಇದನ್ನು ಹಿಡಿದು ‘ಹಂಗೇರಿಯಲ್ಲಿ ಕನ್ನಡ’ ಅಂತ ವಾಟ್ಸಾಪಿನಲ್ಲಿ ಹರಿಬಿಟ್ಟರೆ ನನ್ನ ಹೆಸರು ಹೇಳಬೇಡಿ.

ಕೋಳಿಮರಿಗೆ ಚಿಬೆ, ಸ್ವಲ್ಪ ಬೆಳೆದರೆ ಚಿರ್ಕೆ. ಇವು ಯಾರಿಂದಲೂ ಸಾಲ ತಂದವಲ್ಲ. ಕೋಳಿಮರಿಯ ಚಿವ್‌ಚಿವ್, ಅದನ್ನು ಕರೆಯುವ ಕೂಗು, ಅದರಿಂದಲೇ ಹುಟ್ಟಿದವು.

ಈಗ ನಿಮ್ಮ ಲೇಖನದ ಟರ್ಕಿ ವಿಚಾರ. ಕರುವಿಗೆ ಹಂಗೇರಿಯನ್‌ನಲ್ಲಿ ‘ಬೊರ್ಯೂ’. ಇದು ತುರ್ಕಿಕ್ ಮೂಲದ್ದು, ಸರಿ. ಆದರೆ ಟರ್ಕಿಯ ಆಟೊಮನ್ ಸುಲ್ತಾನರು ಹಂಗೇರಿಯ ಬುಡಾ ಪಟ್ಟಣ ಇಟ್ಟುಕೊಂಡಿದ್ದು 1541ರಿಂದ 1686ರವರೆಗೆ. ಹಂಗೇರಿಯನ್ನರು ಈಗಿನ ತಮ್ಮ ನಾಡಿಗೆ ಬಂದಿದ್ದು ಸುಮಾರು 895ರಲ್ಲಿ. ಬರುವಾಗಲೇ ಕರು ಅವರ ಜೊತೆಗಿತ್ತು, ಹೆಸರೂ ಇತ್ತು. ಅದಕ್ಕೆ ಸಾಕ್ಷಿ ಒಂದೇ ಒಂದು ಅಕ್ಷರ. ಕರುವಿಗೆ ಹಳೆಯ ತುರ್ಕಿಕ್‌ನಲ್ಲಿ ಬುಜಾಗು, ಅಲ್ಲಿ ಜ ಇದೆ. ಬೊರ್ಯೂನಲ್ಲಿ ಜ ಜಾಗದಲ್ಲಿ ರ ಇದೆ. ಎತ್ತಿಗೆ ಟರ್ಕಿಯವರು ಒಕುಜ್ ಅಂತಾರೆ, ಹಂಗೇರಿಯನ್ನರು ಒಕೊರ್. ಅವಳಿ ಮಕ್ಕಳಿಗೆ ಅವರು ಇಕಿಜ್, ಇವರು ಇಕೆರ್. ಸುಲ್ತಾನರ ಕಾಲದಲ್ಲಿ ಬಂದಿದ್ದರೆ ಜ ಇರಬೇಕಿತ್ತು. ಹೀಗೆ ಜ ಬದಲು ರ ಹೇಳುವ ತುರ್ಕಿಕ್ ಗುಂಪೊಂದು ಹಿಂದೆ ಇತ್ತು, ಆ ಬಳಗದಲ್ಲಿ ಇವತ್ತು ಉಳಿದಿರುವುದು ರಷ್ಯಾದ ವೋಲ್ಗಾ ನದಿಯ ಕಡೆಯ ಚುವಾಶ್ ಭಾಷೆ ಒಂದೇ. ಅವರ ಬಾಯಲ್ಲಿ ಕರು ಅಂದರೆ ‘ಪರು’. ಇದೂ ನಮ್ಮ ಕರುವಿಗೆ ನೆಂಟನಲ್ಲ, ಮತ್ತೆ ಹೇಳುತ್ತಿದ್ದೇನೆ. ಹಂಗೇರಿಯನ್ನರು ಪೂರ್ವದ ಹುಲ್ಲುಗಾವಲಲ್ಲಿ ಅಲೆಯುತ್ತಿದ್ದಾಗ ಇಂಥ ಜನರ ಜೊತೆ ದನ ಕಾಯ್ದರು. ಎತ್ತು, ಹೋರಿ, ಕರು, ಹಂದಿ, ಕೋಳಿ, ಎಲ್ಲದರ ಹೆಸರೂ ಅವರ ಸಹವಾಸದಲ್ಲಿ ಬಂತು. ಆಳಿದವರಿಂದ ಬಂದ ಮಾತುಗಳಲ್ಲ ಇವು, ಜೊತೆಗೆ ದನ ಮೇಯಿಸಿದವರಿಂದ ಬಂದವು.

ಅಕ್ಕಪಕ್ಕದಲ್ಲಿದ್ದು ಒಬ್ಬರಿಂದ ಒಬ್ಬರು ಏನೂ ತೆಗೆದುಕೊಂಡಿಲ್ಲವಾ ಅಂದರೆ, ತೆಗೆದುಕೊಂಡಿದ್ದಾರೆ. ಗುಡ್ಡದ ಮೇಲೆ ಕುರಿ ಸಾಕುವುದರಲ್ಲಿ ರೊಮೇನಿಯನ್ನರು ಪಳಗಿದವರು. ಅವರ ಕುರಿಹಟ್ಟಿ ‘ಸ್ತಿನ’, ಅಲ್ಲಿನ ಹಂಗೇರಿಯನ್ನರ ಬಾಯಲ್ಲಿ ಎಸ್ತೆನ ಆಗಿದೆ. ಹೋತ ‘ತ್ಸಾಪ್’ ಹಾಗೇ ಉಳಿದಿದೆ. ಆದರೆ ಮರಿಗಳ ಮುಖ್ಯ ಹೆಸರು ಎರಡೂ ಕಡೆ ಅವರವರದೇ.

ಇನ್ನು ನನ್ನ ನಿದ್ದೆಗೆಡಿಸಿದ ವಿಷಯ. ರೊಮೇನಿಯನ್‌ನಲ್ಲಿ ಕರುವಿಗೆ ‘ವಿತ್ಸೆಲ್’. ಮೊದಲ ಸಲ ಕೇಳಿದಾಗ ನನಗೆ ‘ವತ್ಸ’ ಅಂತಲೇ ಕಿವಿಗೆ ಬಿತ್ತು. ಮಗಳಿಗೆ ಹೇಳಿದೆ. ‘ಅಮ್ಮಾ, ಎಲ್ಲದಕ್ಕೂ ಸಂಸ್ಕೃತ ಹುಡುಕಬೇಡ’ ಅಂದಳು. ಅವಳು ಅರ್ಧ ಸರಿ, ನಾನು ಅರ್ಧ ಸರಿ. ವಿತ್ಸೆಲ್‌ನ ತ್ಸ ಹಳೆಯದಲ್ಲ. ಲ್ಯಾಟಿನ್‌ನಲ್ಲಿ ಅದು ವಿತೆಲ್ಲುಸ್, ಬರೀ ತ. ಎ, ಇ ಮುಂದೆ ಬಂದಾಗ ತ ಹೋಗಿ ತ್ಸ ಆಗುವುದು ರೊಮೇನಿಯನ್ ನಾಲಿಗೆಯ ಅಭ್ಯಾಸ. ಅಂದರೆ ನನ್ನ ಕಿವಿಗೆ ಬಿದ್ದ ಹೋಲಿಕೆ ಸುಳ್ಳು. ಆದರೆ ಅದರ ಹಿಂದೆ ನಿಜವಾದ ನೆಂಟಸ್ತನವೇ ಇದೆ ಅನ್ನುತ್ತಾರೆ ಭಾಷಾ ಪಂಡಿತರು. ಲ್ಯಾಟಿನ್, ಸಂಸ್ಕೃತ ಎರಡಕ್ಕೂ ತಾಯಿಯಾದ ಬಹಳ ಹಿಂದಿನ ಮೂಲ ಭಾಷೆಯಲ್ಲಿ ‘ವೆತ್’ ಅಂದರೆ ವರ್ಷ. ವರ್ಷದ ಮರಿ, ಆ ಅರ್ಥದಲ್ಲಿ ಒಂದು ಕಡೆ ಲ್ಯಾಟಿನ್ ವಿತುಲುಸ್, ಇನ್ನೊಂದು ಕಡೆ ಸಂಸ್ಕೃತದ ವತ್ಸ. ಅಲ್ಬೇನಿಯನ್‌ನಲ್ಲಿ ಇವತ್ತಿಗೂ ವರ್ಷ ‘ವಿತ್’, ಕರು ‘ವಿಚ್’. ನಮ್ಮಲ್ಲಿ? ವತ್ಸರ, ಸಂವತ್ಸರ. ಯುಗಾದಿಯ ದಿನ ಪಂಚಾಂಗ ಓದುವಾಗ ಹೇಳುವ ಸಂವತ್ಸರದಲ್ಲೂ, ತಾಯಿಗೆ ಮಗುವಿನ ಮೇಲಿರುವ ವಾತ್ಸಲ್ಯದಲ್ಲೂ ಅದೇ ಕರುವಿನ ಮಾತು. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ವಾತ್ಸಲ್ಯ ಅಂದರೆ ಮಮತೆ ಅಂತ ಬೋರ್ಡಿನ ಮೇಲೆ ಬರೆದಿದ್ದೇನೆ. ಅದು ಹಸು ಕರುವನ್ನು ನೆಕ್ಕುವ ಮಾತು ಅಂತ ಒಂದು ದಿನವೂ ಮಕ್ಕಳಿಗೆ ಹೇಳಲಿಲ್ಲ.

ಇನ್ನೂ ಇದೆ. ಹಂಗೇರಿಯನ್‌ನಲ್ಲಿ ಹಸುವಿಗೆ ‘ತೆಹೇನ್’. ಇದು ಬಹುಶಃ ಬಹಳ ಹಿಂದೆ ಇರಾನಿ ಕಡೆಯ ಭಾಷೆಗಳಿಂದ ಎರವಲು ಬಂದದ್ದು, ಸಂಸ್ಕೃತದ ಧೇನುವಿನ ಜೊತೆ ಇಟ್ಟು ನೋಡುತ್ತಾರೆ. ಹಾಗಾದರೆ ನೋಡಿ, ಹಂಗೇರಿಯನ್ನರ ಕೊಟ್ಟಿಗೆಯಲ್ಲಿ ಧೇನುವಿನ ಕಡೆಯ ಹಸು, ರೊಮೇನಿಯನ್ನರ ಕೊಟ್ಟಿಗೆಯಲ್ಲಿ ವತ್ಸದ ಕಡೆಯ ಕರು, ನಡುವೆ ಒಂದು ಬೇಲಿ. ಮಗಳಿಗೆ ಇದನ್ನು ಹೇಳಿದಾಗ ಅವಳೂ ಲ್ಯಾಪ್‌ಟಾಪ್ ಮುಚ್ಚಿಟ್ಟು ಕೂತಳು.

ಮೊಮ್ಮಗನ ವಿಷಯ ಒಂದು ಹೇಳಿಬಿಡುತ್ತೇನೆ. ಅವನನ್ನು ಬಿಡುವ ಶಿಶುವಿಹಾರದಲ್ಲಿ ಒಬ್ಬ ಟೀಚರು ಅವನನ್ನು ‘ಪುಯುಲೆ, ಪುಯುಲೆ’ ಅಂತ ಎತ್ತಿಕೊಳ್ಳುತ್ತಿದ್ದಳು. ರೊಮೇನಿಯನ್‌ನಲ್ಲಿ ಪುಯ್ ಅಂದರೆ ಕೋಳಿಮರಿ ಅಂತ ನನಗೆ ಅಷ್ಟರಲ್ಲಿ ಗೊತ್ತಾಗಿತ್ತು, ಹೋಟೆಲ್ ಮೆನುವಿನಲ್ಲಿ ಚಿಕನ್‌ಗೂ ಅದೇ ಮಾತು. ನಮ್ಮ ಹುಡುಗನನ್ನು ಕೋಳಿ ಅಂತಾಳಲ್ಲ ಅಂತ ಸ್ವಲ್ಪ ಮುನಿಸು ಬಂತು. ಮನೆಗೆ ಬಂದು ಅವನನ್ನು ಎತ್ತಿಕೊಂಡು ‘ಬಾರೋ ನನ್ನ ಮರಿ’ ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಪುಯ್ ನಮ್ಮ ಮರಿಯ ತದ್ರೂಪು. ಕರಡಿ ಮರಿಗೂ ಪುಯ್, ಹಕ್ಕಿ ಮರಿಗೂ ಪುಯ್, ಮುದ್ದಿಗೂ ಪುಯ್. ನಾವು ಮರಿಮೊಮ್ಮಗ, ಮರಿಪುಢಾರಿ ಅನ್ನುವ ಹಾಗೆ ಚಿಕ್ಕದು ಅನ್ನೋಕೂ ಅದೇ. ಮಧ್ಯಾಹ್ನ ಐದು ನಿಮಿಷ ಕಣ್ಣು ಮುಚ್ಚುವುದಕ್ಕೆ ಅವರು ‘ಪುಯ್ ದೆ ಸೊಮ್ನ್’ ಅಂತಾರೆ, ನಿದ್ದೆಯ ಮರಿ. ನಾವು ಕೋಳಿನಿದ್ದೆ ಅಂತೀವಿ. ಅವರಿಗೆ ಕೋಳಿಮರಿ, ನಮಗೆ ಕೋಳಿ, ನಿದ್ದೆ ಮಾತ್ರ ಒಂದೇ.

ಬಾತುಮರಿಗೆ, ಹೆಬ್ಬಾತಿನ ಮರಿಗೆ ಬೊಬೊಕ್. ಹೂವಿನ ಮೊಗ್ಗಿಗೂ ಅದೇ, ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗರಿಗೂ ಅದೇ. ‘ಬೊಬೊಕ್‌ಗಳನ್ನು ಎಣಿಸೋದು ಶರತ್ಕಾಲದಲ್ಲಿ’ ಅಂತ ಅವರದೊಂದು ಗಾದೆ. ವಸಂತದಲ್ಲಿ ಹತ್ತು ಮರಿ ಒಡೆದರೆ ಮಳೆ, ನರಿ, ಗಿಡುಗ ಎಲ್ಲ ದಾಟಿ ಎಷ್ಟು ಉಳಿಯುತ್ತವೋ ಆಗ ಲೆಕ್ಕ. ನಮ್ಮ ‘ಕೂಸು ಹುಟ್ಟುವ ಮುಂಚೆ ಕುಲಾವಿ’ಗೆ ಹತ್ತಿರ, ಆದರೆ ಸ್ವಲ್ಪ ಜಾಸ್ತಿ ಅನುಭವಸ್ಥರ ಮಾತು.

ವಯಸ್ಸು ಹೇಳುವ ರೀತಿ ಬೇರೆ. ರೊಮೇನಿಯನ್‌ನಲ್ಲಿ ಒಂದು ವರ್ಷ ದಾಟಿದ ಕುರಿಗೆ ‘ನ್ವಾತೆನ್’, ಲ್ಯಾಟಿನ್‌ನ ‘ಹೋದ ವರ್ಷದ್ದು’ ಅನ್ನುವ ಮಾತಿನಿಂದ ಬಂದದ್ದು. ಅವರು ವರ್ಷ ಎಣಿಸಿದರು. ನಮ್ಮ ಜಾತ್ರೆಗಳಲ್ಲಿ ಯಾರೂ ವರ್ಷ ಕೇಳುವುದಿಲ್ಲ, ಬಾಯಿ ಬಿಡಿಸಿ ನೋಡುತ್ತಾರೆ. ಹಾಲುಹಲ್ಲು, ಎರಡಲ್ಲು, ನಾಲ್ಕಲ್ಲು, ಆರಲ್ಲು, ಆಮೇಲೆ ಬಾಯಿಗೂಡಿದ್ದು. ನಮ್ಮಪ್ಪ ಹೋರಿಯ ತುಟಿ ಎತ್ತಿ ಹೆಬ್ಬೆರಳಿಂದ ಹಲ್ಲು ಸವರಿ ‘ನಾಲ್ಕಲ್ಲು, ಐದನೇದು ಅಲ್ಲಾಡ್ತಾ ಇದೆ’ ಅಂದರೆ ದಲ್ಲಾಳಿ ಸುಮ್ಮನಾಗುತ್ತಿದ್ದ.

ನಮ್ಮ ಕರುವಿಗೆ ತಮಿಳಿನಲ್ಲಿ ಕನ್ಱು ಇದೆ, ತುಳುವಿನಲ್ಲಿ ಕಂಜಿ ಇದೆ. ಮರಿಗೆ ತಮಿಳಿನಲ್ಲೂ ಮಱಿ. ಹಳಗನ್ನಡದಲ್ಲಿ ಎರಡನ್ನೂ ಆ ಹಳೇ ಱ ಹಾಕಿ ಬರೆಯುತ್ತಿದ್ದರು. ಯಾರಿಂದಲೂ ತಂದದ್ದಲ್ಲ, ಮನೆಯದು. ಹಸು, ಎಮ್ಮೆ ಹಾಕೋದು ಕರು. ಕುರಿ, ಮೇಕೆ, ಹಂದಿ, ಕೋಳಿಗೆ ಮರಿ. ಈ ಗೆರೆ ನಮ್ಮೂರಿನ ಮೂರು ವರ್ಷದ ಮಗುವಿಗೂ ಗೊತ್ತಿತ್ತು. ಈಗ ನಗರದ ಮಕ್ಕಳು ‘ಕೌ ಬೇಬಿ’ ಅಂತಾರೆ, ಅದನ್ನು ಕನ್ನಡಕ್ಕೆ ತಿರುಗಿಸಿದರೆ ಹಸುವಿನ ಮರಿ ಆಗುತ್ತೆ, ಅದು ನಿಮ್ಮ ಐದನೇ ಪುಟಕ್ಕೆ ಬರುತ್ತೆ. ಮಕ್ಕಳನ್ನು ಬಯ್ಯುವುದಿಲ್ಲ, ಅವರು ಕೊಟ್ಟಿಗೆ ನೋಡಿಲ್ಲ. ಆದರೆ ಫೋಟೊದ ಅಡಿಬರಹ ಬರೆಯುವವರು ಪಕ್ಕದ ಮೇಜಿನವರನ್ನು ಒಂದು ಮಾತು ಕೇಳಬಹುದಿತ್ತು.

ಒಂದು ಕೋರಿಕೆ. ಪುರವಣಿಯಲ್ಲಿ ವಾರಕ್ಕೆ ನಾಲ್ಕು ಇಂಚು ಜಾಗ ಕೊಡಿ. ಹಾವೇರಿ ಕಡೆ, ಕೊಡಗಿನ ಕಡೆ, ಬೀದರಿನ ಕಡೆ ಎಳೆ ದನಕ್ಕೆ, ಕುರಿಗೆ, ಕೋಳಿಗೆ ಏನೇನು ಹೆಸರಿದೆ ಅಂತ ಓದುಗರು ಬರೆದು ಕಳಿಸಲಿ. ಹೋರಿಗರು, ಮಣಕ, ಪಡ್ಡೆ, ಹ್ಯಾಟೆ ಇವು ನನಗೆ ಗೊತ್ತು. ಗೊತ್ತಿಲ್ಲದ್ದು ಇನ್ನೆಷ್ಟೋ ಇರಬೇಕು.

ಹಾಗೇ ಮಂಗಳವಾರದ ಫೋಟೊಗೆ ತಿದ್ದುಪಡಿ ಹಾಕುವಾಗ ‘ಮರಿ’ ತೆಗೆದು ‘ಕರು’ ಅಂತ ಹಾಕಿಬಿಡಬೇಡಿ. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದೆ. ಕೊಂಬು ಒಂದು ಗೇಣು ಬಂದಿದೆ, ಕೆಚ್ಚಲು ಇನ್ನೂ ಇಳಿದಿಲ್ಲ. ಅದು ಕಡಸು.

ಇಂತಿ ನಿಮ್ಮ ಹಳೆಯ ಓದುಗರು,
ನಿವೃತ್ತ ಶಿಕ್ಷಕಿ, ಅರಸೀಕೆರೆ